ಸೇತುವೆ ದಾಟುವಷ್ಟರಲ್ಲಿ ಕಾಯದ ಎಣ್ಣೆ

ಹಳೇ ಕಾರು ಇಟ್ಟುಕೊಂಡವರಿಗೆ ನಮ್ಮ ಕಾಸರಕೋಡಿನಲ್ಲಿ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನ ಮಗ, "ಇನ್ನೂ ಮಿನರಲ್ ಆಯಿಲ್ಲೇನ ಚಿಕ್ಕಪ್ಪ? ಫುಲ್ ಸಿಂಥೆಟಿಕ್ ಹಾಕ್ಸಿ, ಇಂಜಿನ್ ಹೊಸದರ ಹಾಗೆ ಇರ್ತದೆ" ಎಂದ. ಗ್ಯಾರೇಜಿನವರು ಕೈ ಒರೆಸಿಕೊಳ್ಳುತ್ತ, "ಅದೆಲ್ಲ ಬೇಡ, ಹಳೇ ಗಾಡಿ, ಸೀಲ್ ಹೋಗ್ತದೆ" ಎಂದರು. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದವರು. ಆದರೂ ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಸೀಲಿನ ಭಯಕ್ಕೆ 1970ರ ದಶಕದಲ್ಲಿ ಆಧಾರವಿತ್ತು. ಆಗಿನ ಕೆಲವು ಸಿಂಥೆಟಿಕ್ ಎಣ್ಣೆಗಳು ರಬ್ಬರ್ ಸೀಲನ್ನು ಕುಗ್ಗಿಸುತ್ತಿದ್ದವು. ಆಮೇಲೆ ಎಸ್ಟರ್ ಸೇರಿಸಿ ಅದನ್ನು ಸರಿಪಡಿಸಿದರು. ಈಗ ಬದಲಾಯಿಸುವಾಗ ಇಂಜಿನ್ ತೊಳೆಯಬೇಕೆಂದೂ ಇಲ್ಲ. ಒಳಗೆ ಉಳಿದ ಮಿನರಲ್ ಎಣ್ಣೆ ಹೊಸದರ ಜೊತೆ ಬೆರೆಯುತ್ತದೆ. ಮೊದಲೇ ಬಿರುಕು ಬಿಟ್ಟ ಸೀಲಿನ ಸಂದಿಯಲ್ಲಿ ಕಟ್ಟಿಕೊಂಡಿದ್ದ ಜಿಡ್ಡು ಬಿಟ್ಟು ಸೋರುವುದುಂಟು, ನಿಜ. ಅಂಥ ಸೀಲನ್ನು ಹೇಗೂ ಬದಲಿಸಲೇಬೇಕು.

ಇನ್ನು ಅಣ್ಣನ ಮಗನ ಮಾತು. ಸಿಂಥೆಟಿಕ್ ಎಣ್ಣೆಯ ಡಬ್ಬಿಯ ಮೇಲೆ ಕಾಣುವ 5ಡಬ್ಲ್ಯು-30 ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಆ 5ರ ಪರೀಕ್ಷೆ ನಡೆಯುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ. 15ಡಬ್ಲ್ಯು-40 ಎಣ್ಣೆಯದ್ದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಲೇಹ್‌ನಲ್ಲಿ ಕಾರು ನಿಲ್ಲಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಮಾಘದ ಬೆಳಗಿನಲ್ಲೂ ತೆಳ್ಳನೆಯ ಹೊದಿಕೆ ಸಾಕಾಗುವ ನಮ್ಮ ಕಡಲಂಚಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಹೆಚ್ಚು ಕಾವು ತಡೆಯುವ ಗುಣ ಮಾತ್ರ ನಿಜವಾದದ್ದು. ದಿನವೂ ಗೇರುಸೊಪ್ಪೆ ಘಟ್ಟ ಹತ್ತುವವರು, ಟರ್ಬೊ ಇಂಜಿನ್ ಇರುವವರು ಸಿಂಥೆಟಿಕ್ ಹಾಕಿಸಲಿ. ಕಾರಿನ ಪುಸ್ತಕದಲ್ಲೇ 0ಡಬ್ಲ್ಯು-20 ಎಂದಿದ್ದರೆ ಚರ್ಚೆಯೇ ಬೇಡ.

ಆದರೆ ನನ್ನ ಕಾರಿನ ಬದುಕೇ ಬೇರೆ. ಶರಾವತಿ ಸೇತುವೆ ದಾಟಿ ಹೊನ್ನಾವರದ ಪೇಟೆ, ಬ್ಯಾಂಕು, ಮತ್ತೆ ಮನೆ. ಹತ್ತು ನಿಮಿಷ ಓಡುವುದು, ಎರಡು ದಿನ ನಿಲ್ಲುವುದು. ಅಣ್ಣನ ಮಗನ ಮಾತಿಗೆ ಒಪ್ಪಿ ಸಿಂಥೆಟಿಕ್ ಹಾಕಿಸಿದ್ದೆ. ಮುಂದಿನ ಸರ್ವಿಸ್ 10,000 ಕಿ.ಮೀ.ಗೆ ಎಂಬ ಚೀಟಿ ನೋಡಿ ನೆಮ್ಮದಿಯಾಗಿದ್ದೆ. ವರ್ಷ ದಾಟಿದ್ದು ಗಮನಕ್ಕೇ ಬರಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದರೆ ಒಳಬದಿಗೆ ಬೆಣ್ಣೆಯಂಥ ಕೆನೆ, ಹಾಲು ಹೆಚ್ಚಾದ ಚಹಾದ ಬಣ್ಣ. ಬೆರಳಿಗೆ ಹಚ್ಚಿದರೆ ಜಾರುತ್ತಿತ್ತು, ಪೆಟ್ರೋಲಿನ ವಾಸನೆ ಬೇರೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಹಬೆಯಾಗಿ ಹೋಗುತ್ತದೆ. ಚೂರುಪಾರು ಪಿಸ್ಟನ್ ರಿಂಗ್ ದಾಟಿ ಎಣ್ಣೆಗಿಳಿಯುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಆ ನೀರೂ ಆರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಹೇಳುವುದು ರೇಡಿಯೇಟರ್ ನೀರಿನ ಬಿಸಿಯನ್ನು. ಎಣ್ಣೆ ಕಾಯಲು ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ನಾನು ಮೀನು ತಗೊಂಡು ಮನೆ ಸೇರಿರುತ್ತೇನೆ. ದುಬಾರಿ ಎಣ್ಣೆಯಾದ ಮಾತ್ರಕ್ಕೆ ನೀರು ತಾನಾಗಿ ಹೊರಹೋಗುವುದಿಲ್ಲ. (ಡಿಪ್‌ಸ್ಟಿಕ್ಕಿನಲ್ಲೂ ಎಣ್ಣೆ ಹಾಲಿನಂತೆ ಕಂಡರೆ ಕೂಲೆಂಟ್ ಸೋರುತ್ತಿರಬಹುದು, ಕಾರು ಓಡಿಸಬೇಡಿ, ತಕ್ಷಣ ತೋರಿಸಿ.)

ಹಾಗಾಗಿ ನಾನು ಎಣ್ಣೆಯ ಜಾತಿ ಕೇಳುವುದನ್ನು ಬಿಟ್ಟು ಕ್ಯಾಲೆಂಡರ್ ನೋಡುತ್ತಿದ್ದೇನೆ. ಎಷ್ಟೇ ಕಡಿಮೆ ಓಡಿರಲಿ, ಮಳೆಗಾಲ ಮುಗಿದ ಮೇಲೆ ಎಣ್ಣೆ, ಫಿಲ್ಟರ್ ಎರಡೂ ಹೊಸದು. ಪುಸ್ತಕ ಹೇಳಿದ ದರ್ಜೆಯ ಮಿನರಲ್ ಆದರೂ ಆಯಿತು. ವಾರಕ್ಕೊಮ್ಮೆ ಕುಮಟಾದವರೆಗೆ ಎಲ್ಲೂ ನಿಲ್ಲದೆ ಹೋಗಿ ಬರುತ್ತೇನೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ: ಎಣ್ಣೆ ಬೇಗ ಬದಲಿಸಿದಷ್ಟೂ ಕರಿ ಎಣ್ಣೆ ಹೆಚ್ಚು. ಟೊಂಕದ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಡುವ ಊರು ನಮ್ಮದು. ತೆಂಗಿನ ಬುಡಕ್ಕೋ ಗಟಾರಕ್ಕೋ ಸುರಿಯುವಂತಿಲ್ಲ. ಸಣ್ಣ ಕಾರಿನಿಂದ ಇಳಿಯುವ ಮೂರು ಮೂರೂವರೆ ಲೀಟರು ಮರುಸಂಸ್ಕರಣೆಗೆ ಒಯ್ಯುವ ಪೀಪಾಯಿಗೆ ಬೀಳುವವರೆಗೂ ನಾನು ಗ್ಯಾರೇಜಿನಲ್ಲೇ ನಿಂತಿರುತ್ತೇನೆ.