ಕಡುಗೆಂಪು ಟೊಪ್ಪಿಗೆಯೂ ನಮ್ಮ ತರುಣರೂ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳಲ್ಲಿ ದಂಡನ್ನು ಸೇರಬಯಸುವ ತರುಣರು, ತಾವು ಧರಿಸಬಯಸುವ ಟೊಪ್ಪಿಗೆಯ ಚರಿತ್ರೆಯನ್ನು ಅರಿತಿರುವದು ಒಳಿತು. ಬೆರೆಟ್ ಎಂಬ ಈ ಮೆತ್ತನೆಯ ಉಣ್ಣೆಯ ಟೊಪ್ಪಿಗೆಯನ್ನು 1924ರಲ್ಲಿ ಬ್ರಿಟಿಶ ಟ್ಯಾಂಕ್ ದಳವು ಸ್ವೀಕರಿಸಿದ್ದು ಶೋಭೆಗಾಗಿ ಅಲ್ಲ. ಇಕ್ಕಟ್ಟಾದ ಟ್ಯಾಂಕಿನೊಳಗೆ ಅಂಚುಳ್ಳ ಟೊಪ್ಪಿಗೆಯು ತೊಡಕಾಗುತ್ತಿತ್ತು. ಕರಿಯ ಬಣ್ಣದ ಮೇಲೆ ಎಣ್ಣೆಯ ಕಲೆಯು ಕಾಣುತ್ತಿದ್ದಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಕಮಾಂಡೋಗಳಿಗೆ ಹಸಿರೂ ಪ್ಯಾರಾಶೂಟ್ ದಳಗಳಿಗೆ ಕಡುಗೆಂಪೂ ಗೊತ್ತಾದವು. ಅಂದಿನಿಂದ ಅದು ಕಠಿಣ ಪರೀಕ್ಷೆಯನ್ನು ದಾಟಿದವರ ಕುರುಹಾಯಿತು.

ಕುರುಹು ಪರಕೀಯರದಾದರೂ ಪರಾಕ್ರಮವು ನಮ್ಮದು. 1941ರಲ್ಲಿ ಕಟ್ಟಿದ 50ನೆಯ ಭಾರತೀಯ ಪ್ಯಾರಾಶೂಟ್ ಬ್ರಿಗೇಡು 1944ರ ಮಾರ್ಚ್ ತಿಂಗಳಲ್ಲಿ ಮಣಿಪುರದ ಸಾಂಗ್‌ಶಾಕದಲ್ಲಿ ಜಪಾನಿ ಸೈನ್ಯವನ್ನು ತಡೆದು, ಇಂಫಾಲ ಕೊಹಿಮಾಗಳ ರಕ್ಷಣೆಗೆ ಅಮೂಲ್ಯವಾದ ದಿನಗಳನ್ನು ಗಳಿಸಿಕೊಟ್ಟಿತು. ನಮ್ಮ ನೆರೆಯ ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್ಫಂಟ್ರಿಯ 3ನೆಯ ಪಲಟಣಿಯೇ ಮುಂದೆ ಪ್ಯಾರಾಶೂಟ್ ರೆಜಿಮೆಂಟಿನ 2ನೆಯ ಪಲಟಣಿಯಾಯಿತು. ಆ ರೆಜಿಮೆಂಟಿನ ತರಬೇತಿ ಕೇಂದ್ರವು ಬೆಂಗಳೂರಲ್ಲಿಯೇ ಇರುವದು.

ಆದರೆ ವಾಚಕರು ವಿಚಾರಿಸತಕ್ಕ ಮಾತು ಬೇರೊಂದುಂಟು. 2022ರಲ್ಲಿ ಸಾರಲ್ಪಟ್ಟ ಅಗ್ನಿಪಥ ಯೋಜನೆಯ ಪ್ರಕಾರ, ನಾಲ್ಕು ವರ್ಷ ಸೇವೆ ಮಾಡಿದವರಲ್ಲಿ ನೂರಕ್ಕೆ 25ರ ವರೆಗೆ ಮಾತ್ರ ದಂಡಿನಲ್ಲಿ ಉಳಿಯುವರು. ಮಿಕ್ಕವರು ಟೊಪ್ಪಿಗೆಯನ್ನು ತೆಗೆದಿಟ್ಟು ಊರಿಗೆ ಮರಳಬೇಕು. ಆಗ ಅವರ ವಯಸ್ಸು ಇಪ್ಪತ್ತೈದರ ಆಚೆ ಈಚೆ. ಕೈಯಲ್ಲಿ ಸೇವಾನಿಧಿಯ ಗಂಟಿದ್ದರೂ ಅದು ಜೀವಮಾನಕ್ಕೆ ಸಾಲದು. ಟೊಪ್ಪಿಗೆಯನ್ನು ಗಳಿಸುವದು ತರುಣನ ಹೊಣೆ. ಅದನ್ನು ಇಳಿಸಿ ಬಂದವನಿಗೆ ದುಡಿಮೆಯ ದಾರಿಯನ್ನು ತೋರಿಸುವದು ಸರಕಾರದ ಹೊಣೆ. ಅಷ್ಟೇ ಏಕೆ, ಹಾರ ಹಾಕಿ ಕಳಿಸಿದ ಊರವರ ಹೊಣೆಯೂ ಹೌದು. ಕಳಿಸುವಾಗಿನ ಉತ್ಸಾಹವು ಬರಮಾಡಿಕೊಳ್ಳುವಾಗಲೂ ಇರಲೆಂದು ನಾವು ಒತ್ತಿ ಹೇಳುವೆವು.