ಬೆಲ್ಟ್ ಜೊತೆ ಪಂಪ್ ಯಾಕೆ?

ಸೆಕೆಂಡ್ ಹ್ಯಾಂಡ್ ಡೀಸೆಲ್ ಡಸ್ಟರ್ ತಗೊಂಡ ಸ್ನೇಹಿತ ಮೊನ್ನೆ ಗ್ಯಾರೇಜಿನ ಎಸ್ಟಿಮೇಟ್ ವಾಟ್ಸಾಪ್ ಮಾಡಿದ್ದ. ‘ಬರೀ ಟೈಮಿಂಗ್ ಬೆಲ್ಟ್ ಬದಲಾಯಿಸಿ ಅಂದ್ರೆ ಟೆನ್ಷನರ್, ವಾಟರ್ ಪಂಪ್, ಕೂಲೆಂಟ್ ಅಂತೆಲ್ಲ ಸೇರಿಸಿದ್ದಾರೆ. ಟೋಪಿ ಹಾಕ್ತಿದ್ದಾರಾ?’

ಇಲ್ಲ ಮಾರಾಯಾ, ಮೆಕ್ಯಾನಿಕ್ ಸರಿಯಾಗೇ ಹೇಳಿದ್ದಾನೆ.

ಆ 1.5 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗೋದೇ ಟೈಮಿಂಗ್ ಬೆಲ್ಟಿಂದ. ಬೆಲ್ಟನ್ನು ಬಿಗಿಯಾಗಿ ಇಡೋದು ಟೆನ್ಷನರ್. ಹೊಸ ಬೆಲ್ಟ್ ಹಾಕಿ ಹಳೇ ಪಂಪ್ ಬಿಟ್ಟರೆ, ಪಂಪಿನ ಬೇರಿಂಗ್ ಜಾಮ್ ಆದ ದಿನ ಹೊಸ ಬೆಲ್ಟೂ ಹೋಗುತ್ತೆ. ಬೆಲ್ಟ್ ಹೋದ್ರೆ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಆಮೇಲೆ ಸಿಲಿಂಡರ್ ಹೆಡ್ ಬಿಚ್ಚೋ ಖರ್ಚು. ಪಂಪ್ ಬರೀ ಸೋರಿದರೂ ಅಷ್ಟೂ ಮತ್ತೆ ಬಿಚ್ಚಬೇಕು, ಅದೇ ಲೇಬರ್ ಎರಡನೇ ಸಲ ಕೊಡಬೇಕು. ಸರ್ವರ್ ಹೇಗೂ ಡೌನ್ ಆಗಿದೆ, ಉಳಿದ ಪ್ಯಾಚೂ ಹಾಕಿಬಿಡೋಣ ಅಂತೀವಲ್ಲ, ಹಾಗೇ.

ಪಂಪ್ ಬಿಚ್ಚಿದಾಗ ಕೂಲೆಂಟ್ ಚೆಲ್ಲಲೇಬೇಕು, ಅದಕ್ಕೆ ಆ ಸಾಲು. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್ ಜಿನುಗ್ತಿದ್ಯಾ ಅಂತ ನೋಡಿಸಿ. ಎಣ್ಣೆ ಬಿದ್ದರೆ ಬೆಲ್ಟ್ ಬೇಗ ಹಾಳು. ಆದ್ರೆ ಇಂಜೆಕ್ಟರ್ ಕ್ಲೀನಿಂಗ್, ಎಸಿ ಗ್ಯಾಸ್ ಅಂತ ತುರುಕಿದ್ರೆ ಬೇಡ ಅನ್ನಿ. ಈ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿಗೆ ಇನ್ನೊಂದು ಮಾತು. ಬೆಲ್ಟ್ ಬದಲಾಯಿಸಿದ ಬಿಲ್ ಸಿಗದಿದ್ದರೆ ಬದಲಾಯಿಸಿಲ್ಲ ಅಂತಲೇ ಇಟ್ಕೊಳ್ಳಿ. ಗಾಡಿ ಕಡಿಮೆ ಓಡಿದ್ರೂ ಬೆಲ್ಟಿನ ರಬ್ಬರಿಗೆ ವಯಸ್ಸಾಗುತ್ತೆ. ಕೆಲಸ ಮುಗಿದ ಮೇಲೆ ಹಳೇ ಪಂಪ್, ಟೆನ್ಷನರ್ ಕೇಳಿ ಇಸ್ಕೊಳ್ಳಿ, ಬಿಲ್ಲಿನಲ್ಲಿ ಕಿಲೋಮೀಟರ್ ಬರೆಸಿ.