ಉಮಾಶ್ರೀಯನ್ನು ಬೈದವರು ನಾವೇ!

ಉಮಾಶ್ರೀ ತೆರೆಗೆ ಬಂದರೆ ಹೆಂಡತಿ ಮಕ್ಕಳ ಜೊತೆ ಕೂತವರಿಗೆ ಮುಜುಗರ. ಎನ್.ಎಸ್. ರಾವ್ ಜೊತೆ ಆ ದ್ವಂದ್ವಾರ್ಥದ ಮಾತು, ಗಾಂಧಿ ಕ್ಲಾಸಿನಿಂದ ಶಿಳ್ಳೆ. 'ಥೂ, ಇವಳೊಬ್ಬಳು' ಅಂದವರಲ್ಲಿ ನಾನೂ ಒಬ್ಬ. (ಶಿಳ್ಳೆ ಹೊಡೆದವರೂ ಹೊರಗೆ ಬಂದು ಬೈದರೆನ್ನಿ!)

2008ರಲ್ಲಿ ಕಾಸರವಳ್ಳಿ 'ಗುಲಾಬಿ ಟಾಕೀಸ್' ತೆಗೆದರು. ವೈದೇಹಿಯವರ ಕಥೆ. ಕರಾವಳಿ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿ, ಗಂಡ ಬಿಟ್ಟವಳು, ಸಿನಿಮಾ ಹುಚ್ಚಿನವಳು. ಮನೆಗೆ ಟೀವಿ ಬಂದಾಗ ಆ ಮುಖ ನೋಡಬೇಕು ಸ್ವಾಮಿ! ಅದೇ ಉಮಾಶ್ರೀನಾ ಅನ್ನಿಸಿತು. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ 'ಒಡಲಾಳ' ನಾಟಕದ ಸಾಕವ್ವನನ್ನು ಕಂಡವರಿಗೆ ಇದೇನೂ ಹೊಸದಲ್ಲ. ಕಲಾವಿದೆ ಮೊದಲಿಂದಲೂ ಅಲ್ಲೇ ಇದ್ದರು. ಅಂಥಾ ಪಾತ್ರಗಳನ್ನೇ ಅವರ ತಲೆಗೆ ಕಟ್ಟಿದ ನಿರ್ಮಾಪಕರನ್ನು ಆಗ ಯಾರಾದರೂ ಬೈದದ್ದುಂಟಾ?